ಮಾವನ ಮನೆಯ ಮೇವಿನ ಮಷೀನು

ಬೆಳಗಾವಿಯಲ್ಲಿ ನಮ್ಮದು ಒಂದೇ ಖೋಲಿಯ ಮನೆ. ಉದ್ಯಮಬಾಗದ ಕಾರ್ಖಾನೆಗಳ ಬೆನ್ನಿಗಿದ್ದ ಓಣಿಯಲ್ಲಿ, ಒಂದೇ ಉದ್ದನೆಯ ತಗಡಿನ ಮಾಡಿನ ಕೆಳಗೆ ಎಂಟು ಮನೆಗಳು, ನಮ್ಮದು ಮೂಲೆಯದು. ಮೂಲೆಯದಾದ್ದರಿಂದ ಅದಕ್ಕೆ ಒಂದು ಕಿಟಕಿ ಹೆಚ್ಚಿತ್ತು. ಆ ಒಂದು ಕಿಟಕಿಯ ಬಲದ ಮೇಲೆ ಅವ್ವ ಓಣಿಯಲ್ಲಿ ಸ್ವಲ್ಪ ದೊಡ್ಡಸ್ತಿಕೆ ಮೆರೆಯುತ್ತಿದ್ದಳು. ಸೆಖೆಯ ದಿನ ಬೇರೆ ಮನೆಯ ಹೆಂಗಸರು ಬಂದು ನಮ್ಮ ಕಿಟಕಿಯ ಕೆಳಗೆ ಕೂತು ಅಕ್ಕಿ ಆರಿಸುವಾಗ ಅವಳ ಮುಖ ನೋಡಬೇಕಿತ್ತು, ಗಾಳಿಯನ್ನು ತಾನೇ ತವರಿನಿಂದ ತಂದವಳ ಹಾಗೆ ಕೂತಿರುತ್ತಿದ್ದಳು. ಒಲೆಯ ಪಕ್ಕ ಎದೆಮಟ್ಟದ ಗೋಡೆ, ಅದರಾಚೆ ಬಚ್ಚಲು. ಈಚೆ ಕಬ್ಬಿಣದ ಟ್ರಂಕು, ಅದರ ಮೇಲೆ ಮಡಚಿಟ್ಟ ಕೌದಿಗಳು. ದೇವರ ಗೂಡಿನ ಮೇಲೆ ನೀಲಿ ಬಣ್ಣದಲ್ಲಿ ಕೈ ಅಗಲದ ಅಕ್ಷರಗಳಲ್ಲಿ 'ಓಂ ನಮಃ ಶಿವಾಯ' ಎಂದು ಬರೆದಿತ್ತು. ಬರೆದವಳು ನಾನು. ಆಗ ನನಗೆ ಹತ್ತು ವರ್ಷ. ನನ್ನ ಅಕ್ಷರಗಳು ದುಂಡಗೆ, ಒಂದರಷ್ಟೇ ಒಂದು, ಗೆರೆ ಎಳೆದಂತೆ ಇರುತ್ತಿದ್ದವು. ಓಣಿಯವರ ಲಗ್ನಪತ್ರಿಕೆಯ ಮೇಲಿನ ಹೆಸರುಗಳು, ರೇಶನ್ನಿನ ಅರ್ಜಿಗಳು, ತವರಿಗೆ ಬರೆಯುವ ಕಾಗದಗಳು ಎಲ್ಲವೂ ನನ್ನ ಕೈಯಲ್ಲೇ ಆಗುತ್ತಿದ್ದವು. ಅಪ್ಪ ಈರಪ್ಪನಿಗೆ ಸಹಿ ಬಿಟ್ಟರೆ ಬೇರೆ ಬರವಣಿಗೆ ಬಾರದು. ಆದರೆ ಮನೆಗೆ ಯಾರೇ ಬರಲಿ, ನೀರು ಕೊಡುವುದಕ್ಕಿಂತ ಮೊದಲು ಗೋಡೆ ತೋರಿಸುತ್ತಿದ್ದ.

"ಕುಂದರ್ರಿ, ಕುಂದರ್ರಿ. ಮೊದಲ ನಮ್ಮ ಗಿರಿಜಿ ಅಕ್ಷರಾ ನೋಡ್ರಿ. ಛಾಪಖಾನಿ ಒಳಗ ಹಚ್ಚಿದಂಗ ಐತೋ ಇಲ್ಲೋ ಹೇಳ್ರಿ!"

ಬಂದವರು ಪಾಪ, ಹೌದು ಎನ್ನದೆ ಗತಿಯಿರಲಿಲ್ಲ. ನಾನು ಬಾಗಿಲ ಹಿಂದೆ ನಿಂತು ಅದನ್ನು ಕೇಳಿಸಿಕೊಳ್ಳುತ್ತಿದ್ದೆ. ಹೊಗಳಿಕೆ ಕೇಳಿಸಿಕೊಳ್ಳುವ ಚಟ ನನಗೆ ಅಲ್ಲಿಂದಲೇ ಹತ್ತಿತು. ಈ ಅಧ್ಯಾಯದಲ್ಲಿ ಮುಂದೆ ಆಗುವುದಕ್ಕೆಲ್ಲ ಆ ಚಟವೇ ಅರ್ಧ ಕಾರಣ, ಆದ್ದರಿಂದ ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅಪ್ಪನದು ಪ್ರೆಸ್ ಮಷೀನಿನ ಮೇಲೆ ಕೆಲಸ. ತಗಡಿನ ತುಂಡನ್ನು ಅಚ್ಚಿನ ಮೇಲೆ ಇಡುವುದು, ಮೇಲಿಂದ ಆನೆ ಕಾಲಿನಂತಹ ಕಬ್ಬಿಣ ಇಳಿದು ಒಂದೇ ಪೆಟ್ಟಿಗೆ ಅದನ್ನು ಬಟ್ಟಲಾಗಿ ಒತ್ತುವುದು, ಬಟ್ಟಲು ತೆಗೆದು ಮತ್ತೊಂದು ತುಂಡು ಇಡುವುದು. ಬೆಳಗಿನಿಂದ ಸಂಜೆಯವರೆಗೆ ಅದೇ. ನಮ್ಮ ಟ್ರಂಕಿನ ಮೇಲಿಟ್ಟ ಲೋಟ ಆ ಹೊಡೆತಕ್ಕೆ ಸಣ್ಣಗೆ ನಡುಗುತ್ತಿತ್ತು, ಲೋಟ ನಡುಗುತ್ತಿದ್ದರೆ ಅಪ್ಪ ಕೆಲಸದಲ್ಲಿದ್ದಾನೆ ಎಂದು ನಮಗೆ ನೆಮ್ಮದಿ. ಎರಡು ಕೈಯಿಂದ ಎರಡು ಗುಂಡಿ ಒಟ್ಟಿಗೆ ಒತ್ತಿದರೆ ಮಾತ್ರ ಮಷೀನು ಇಳಿಯಬೇಕಂತೆ, ಕೈ ಒಳಗೆ ಇರಬಾರದೆಂದು. ಕೆಲಸ ಬೇಗ ಸಾಗಲೆಂದು ಒಂದು ಗುಂಡಿಯನ್ನು ತಂತಿ ಸುತ್ತಿ ಒತ್ತಿಯೇ ಇಟ್ಟಿರುತ್ತಿದ್ದರು. ಇದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಅಪ್ಪನಿಗೆ ಮೊದಲಿನಿಂದಲೂ ಗೊತ್ತಿತ್ತು. ದಸರೆಯ ಖಂಡೇನವಮಿಯ ದಿನ ಮಾತ್ರ ಕಾರ್ಖಾನೆಗೆ ಹೆಂಡಿರು ಮಕ್ಕಳು ಹೋಗಬಹುದಿತ್ತು. ಅಂದು ಮಷೀನುಗಳಿಗೆ ವಿಭೂತಿ, ಕುಂಕುಮ, ಚೆಂಡುಹೂವಿನ ಮಾಲೆ. ಬೂದುಗುಂಬಳ ಒಡೆದಮೇಲೆ ಮನೆಗೊಂದು ಸಿಹಿ ಕುಂದದ ಡಬ್ಬಿ. ಅಪ್ಪ ತನ್ನ ಮಷೀನಿನ ಕಬ್ಬಿಣದ ಕಾಲಿಗೆ ಹಣೆ ಹಚ್ಚಿ, ನಮ್ಮಿಂದಲೂ ಹಚ್ಚಿಸುತ್ತಿದ್ದ. ಅವನ ಪಕ್ಕದ ಮಷೀನಿನ ಮಾರುತಿ ಕಾಕಾ ದಿನಾ ಗುಂಜಿಯಿಂದ ರೈಲಿನಲ್ಲಿ ಬರುವವನು, ಮನೆಮಾತು ಮರಾಠಿ, ನಮ್ಮೊಂದಿಗೆ ಎರಡನ್ನೂ ಕಲಸಿ ಮಾತಾಡುತ್ತಿದ್ದ, ಅಪ್ಪನನ್ನು ದಾದಾ, ಅವ್ವನನ್ನು ವಹಿನಿ ಎನ್ನುತ್ತಿದ್ದ. ಕಾಡಿನಂಚಿನಲ್ಲಿ ಅವನ ಹೆಂಡತಿ ಆರಿಸಿ ಒಣಗಿಸಿದ, ಸಾರಿಗೆ ಹಾಕುವ ಮುರುಗಲದ ಹುಳಿ ಸಿಪ್ಪೆ ಅವನ ಚೀಲದಲ್ಲಿ ನಮ್ಮ ಮನೆಗೆ ಬರುತ್ತಿತ್ತು, ನಮ್ಮ ಮನೆಯ ರೊಟ್ಟಿ ಅವನ ಡಬ್ಬಿಗೆ ಹೋಗುತ್ತಿತ್ತು.

ಅಪ್ಪ ಬೆಳಿಗ್ಗೆ ಸ್ನಾನವಾದ ಮೇಲೆ ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂಡುತ್ತಿದ್ದ. ಬಲಗೈಯಿಂದ ನೀರು, ವಿಭೂತಿ, ಒಂದು ಹೂವು. ಆ ಹೊತ್ತಿನಲ್ಲಿ ಅವ್ವ ಸಹ ಪಾತ್ರೆ ಸದ್ದು ಮಾಡುತ್ತಿರಲಿಲ್ಲ. ಹೊರಗೆ ಬೈಗುಳ, ಸೈಕಲ್ ಗಂಟೆ, ನಳದ ಜಗಳ ಎಲ್ಲ ನಡೆದಿರುತ್ತಿದ್ದವು, ಅಪ್ಪನಿಗೆ ಕೇಳುತ್ತಿರಲಿಲ್ಲ. ಎಣ್ಣೆ, ಕಬ್ಬಿಣದ ಮಸಿ ಎಷ್ಟು ತಿಕ್ಕಿದರೂ ಹೋಗದ ಆ ಬೆರಳುಗಳು ಲಿಂಗದ ಮೇಲೆ ಇಷ್ಟು ಮೆತ್ತಗೆ ಹೇಗೆ ಓಡಾಡುತ್ತವೆ ಎಂದು ನಾನು ನೋಡುತ್ತ ಕೂಡುತ್ತಿದ್ದೆ.

ನಾನು ಐದನೇ ಇಯತ್ತೆಯಲ್ಲಿದ್ದಾಗ ಒಂದು ಶನಿವಾರ, ಮುಂಜಾನೆಯ ಸಾಲೆ ಮುಗಿಸಿ ಬಂದು ಊಟಕ್ಕೆ ಕೂತಿದ್ದೆ. ಲೋಟ ನಡುಗುವುದು ನಿಂತಿತ್ತು. ಅವ್ವ ಅದನ್ನು ನನಗಿಂತ ಮೊದಲು ಗಮನಿಸಿದಳು. ಸ್ವಲ್ಪ ಹೊತ್ತಿಗೆ ಮಾರುತಿ ಕಾಕಾ ಓಡಿ ಬಂದ. ಅಂಗಿಯ ಮುಂಭಾಗವೆಲ್ಲ ರಕ್ತ. ಅವ್ವ ಅವನಿಗೇ ಪೆಟ್ಟಾಗಿದೆ ಎಂದುಕೊಂಡು ಕೂಡಿಸಲು ಹೋದಳು.

"ವಹಿನಿ, ಇದು ನಂದಲ್ರಿ, ದಾದಾಂದು. ಹೆಗಲ ಮ್ಯಾಲ ಹೊತ್ತು ಟೆಂಪೋದಾಗ ಹಾಕೇನಿ. ನಡೀರಿ, ದವಾಖಾನಿಗೆ ನಡೀರಿ."

ಬಲಗೈಯ ಹೆಬ್ಬೆರಳೊಂದು ಉಳಿದು ನಾಲ್ಕೂ ಹೋಗಿದ್ದವು. ಅಪ್ಪ ಪ್ರಜ್ಞೆಯಲ್ಲೇ ಇದ್ದ, ನಮ್ಮನ್ನು ನೋಡಿ ನಾಚಿಕೊಂಡವನಂತೆ ಕೈಯನ್ನು ಅರಿವೆಯೊಳಗೆ ಸರಿಸಿಕೊಂಡ. ಕಾರ್ಖಾನೆಯ ಮ್ಯಾನೇಜರ್ ಸಾಹೇಬರು ಆಗಲೇ ಬಂದು ನಿಂತಿದ್ದರು. ಬಿಳಿ ಅಂಗಿ, ಅದರ ಮೇಲೆ ಒಂದು ಹನಿಯೂ ಇಲ್ಲ. ನರ್ಸಮ್ಮ ಒಂದು ಹಾಳೆ ತಂದುಕೊಟ್ಟು, ಎಲ್ಲಿ ಹೇಗೆ ಆಯಿತು ಎಂದು ಮನೆಯವರು ಬರೆದುಕೊಡಬೇಕು ಎಂದರು. ಮ್ಯಾನೇಜರ್ ಮಂಚದ ಹತ್ತಿರ ಬಗ್ಗಿದರು.

"ಈರಪ್ಪಾ, ಕಾರಖಾನ್ಯಾಗ ಆತು ಅಂತ ಬರಸಿದ್ರ ಪೊಲೀಸರು ಬರ್ತಾರ, ಮಷೀನಿಗೆ ಸೀಲ್ ಹಾಕ್ತಾರ. ಮೂವತ್ತು ಮನಿ ಒಲಿ ಆರತಾವ. ಮನ್ಯಾಗ ಆತು ಅಂತ ಬರಸು. ದವಾಖಾನಿ ನಾವು ನೋಡಕೋತೀವಿ. ನೀ ಇರೂತನಕ ನಿನ್ನ ನೌಕರಿ ನಮ್ಮ ಜವಾಬ್ದಾರಿ."

"ದಾದಾ, ಹಂಗ ಬರಸಬ್ಯಾಡ," ಎಂದ ಬಾಗಿಲಲ್ಲಿದ್ದ ಮಾರುತಿ ಕಾಕಾ. "ಖರೇ ಏನೈತಿ ಅದ ಬರಸು."

"ನಿನ್ನ ಮಷೀನ ಮ್ಯಾಲ ಯಾರ ಅದಾರೋ ಮಾರುತಿ? ಹೋಗು, ಕೆಲಸ ನೋಡು."

ಅವನು ಹೋದ. ಮೂವತ್ತು ಮನೆಯ ಒಲೆ ಎಂಬ ಮಾತು ಅಪ್ಪನಿಗೆ ತಾಗಿತ್ತೆಂದು ನನಗೆ ಈಗ ಅನಿಸುತ್ತದೆ. ಅಪ್ಪನಂಥವರಿಗೆ ತಮ್ಮ ಕೈಗಿಂತ ಮಂದಿಯ ಒಲೆ ದೊಡ್ಡದಾಗಿ ಕಾಣುತ್ತದೆ, ಇಂಥವರನ್ನು ಗುರುತು ಹಿಡಿಯುವುದು ಮ್ಯಾನೇಜರುಗಳಿಗೆ ಚೆನ್ನಾಗಿ ಗೊತ್ತು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡೇ ಕೇಳಿದಳು.

"ಮನ್ಯಾಗ ಹೆಂಗ ಆಗತೈತ್ರಿ ಸಾಹೇಬ್ರ? ನಮ್ಮ ಮನ್ಯಾಗ ಈಳಿಗಿ ಬಿಟ್ರ ಹರಿತಂದು ಏನೂ ಇಲ್ಲ."

ಎಲ್ಲರೂ ಸುಮ್ಮನಾದರು. ಈಳಿಗೆಗೆ ನಾಲ್ಕು ಬೆರಳು ಹೋಗುವುದಿಲ್ಲ. ಸಾಲೆಯಲ್ಲಿ ಗುರುಗಳು ಪ್ರಶ್ನೆ ಕೇಳಿ ಯಾರೂ ಕೈ ಎತ್ತದಿದ್ದಾಗ ಆಗುವ ಮೌನದಂತಹ ಮೌನ ಅದು. ಅಂಥ ಮೌನದಲ್ಲಿ ಉತ್ತರ ನನಗೆ ತಾನಾಗಿ ಬರುತ್ತಿತ್ತು. ಬಂದೂಬಿಟ್ಟಿತು.

"ಖಾನಾಪುರದಾಗ ಮಾಮಾನ ಮನ್ಯಾಗ ಮೇವು ಕೊಚ್ಚೂ ಮಷೀನ ಐತೆಲ್ರಿ."

ಮ್ಯಾನೇಜರ್ ನನ್ನ ತಲೆ ಸವರಿ, "ಬಾಳ ಶಾಣ್ಯಾ ಅದಾಳ ಹುಡುಗಿ," ಎಂದರು. ತಮ್ಮ ಅಂಗಿಯ ಜೇಬಿನಿಂದ ಪೆನ್ನು ತೆಗೆದುಕೊಟ್ಟರು. ಪೆನ್ನು ಅವರದು, ಕೈ ಮಾತ್ರ ನನ್ನದಾಗಬೇಕಿತ್ತು. ನಾನು ಎಡಕ್ಕೆ ಅಂಚು ಬಿಟ್ಟು ಬರೆದೆ: 'ಖಾನಾಪುರದಲ್ಲಿರುವ ನಮ್ಮ ಸೋದರಮಾವನ ಮನೆಯಲ್ಲಿ ಮೇವು ಕೊಚ್ಚುವ ಮಷೀನಿಗೆ ನಮ್ಮ ತಂದೆಯವರ ಬಲಗೈ ಸಿಕ್ಕಿ ನಾಲ್ಕು ಬೆರಳುಗಳು ಹೋಗಿವೆ.' ಒಂದೂ ತಪ್ಪಿಲ್ಲ, ಒಂದು ಅಕ್ಷರವನ್ನೂ ಕಾಟು ಹೊಡೆದಿಲ್ಲ. ಸಹಿ ಮಾಡುವ ಕೈ ಇರಲಿಲ್ಲವಾದ್ದರಿಂದ ಅಪ್ಪನ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು. ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ನನಗೆ ದುಃಖದ ಜೊತೆಗೆ ಹೆಮ್ಮೆಯೂ ಆಗಿತ್ತು. ಮನೆಯ ಕಷ್ಟಕ್ಕೆ ನಾನು ಒದಗಿದೆ ಎಂಬ ಹೆಮ್ಮೆ. ನೆನೆಸಿಕೊಂಡರೆ ಇಂದಿಗೂ ಮೈ ಉರಿಯುತ್ತದೆ.

ಗಾಯ ಮಾಯ್ದ ಮೇಲೆ ಅಪ್ಪನಿಗೆ ಗೇಟಿನ ಹತ್ತಿರ ಒಂದು ಸ್ಟೂಲು ಹಾಕಿಕೊಟ್ಟರು. ನೌಕರಿ ಎಂದರೆ ಅದೇ, ಪಗಾರ ಮೊದಲಿನ ಅರ್ಧ. ಮನೆಯ ಜವಾಬ್ದಾರಿ ಅವ್ವನ ಮೇಲೆ ಬಿತ್ತು. ಅವಳು ಸದಾಶಿವನಗರದ ನಾಲ್ಕು ಮನೆಗಳಲ್ಲಿ ಪಾತ್ರೆ, ಅರಿವೆಯ ಕೆಲಸ ಹಿಡಿದಳು. ಅಷ್ಟು ದೂರ ನಡೆದೇ ಹೋಗಿ ನಡೆದೇ ಬರುತ್ತಿದ್ದಳು. ಭಾಡಿಗೆ ಕಡಿಮೆಯಾಗಲೆಂದು ನಾವು ಮೂಲೆಯ ಮನೆ ಬಿಟ್ಟು ಅದೇ ಸಾಲಿನ ನಡುವಿನ ಖೋಲಿಗೆ ಬಂದೆವು. ಮೂರು ಬಾಗಿಲು ದಾಟಿ ಟ್ರಂಕು ಹೊತ್ತುಕೊಂಡು ಬಂದದ್ದಷ್ಟೆ, ಆದರೆ ಕಿಟಕಿ ಹೋಯಿತು, ಗೋಡೆಯ ಮೇಲಿನ ನನ್ನ ಅಕ್ಷರಗಳೂ ಹೋದವು. ಹೊಸದಾಗಿ ಬಂದವರು ಅದರ ಮೇಲೆ ಸುಣ್ಣ ಬಳಿದರು. ಅವ್ವ ಆ ಮನೆಯ ಕಿಟಕಿಯ ಕೆಳಗೆ ಅಕ್ಕಿ ಆರಿಸಲು ಒಂದು ದಿನವೂ ಹೋಗಲಿಲ್ಲ. ಮೊದಲು ತಾಟಿನಿಂದ ಕಾಯಿಪಲ್ಲೆ ಹೋಯಿತು. ಆಮೇಲೆ ಬೇಳೆ ತೆಳ್ಳಗಾಗುತ್ತ ಬಂದು, ಕಡೆಗೆ ಬೇಳೆ ಬೇಯಿಸಿದ ಪಾತ್ರೆ ತೊಳೆದ ನೀರಿನಂತಾಯಿತು. ಮುರುಗಲದ ಸಾರಿಗೆ ಬೇಳೆ ಬೇಕಿಲ್ಲ. ಮಾರುತಿ ಕಾಕಾನ ಚೀಲ ಬರದಿದ್ದರೆ ಎಷ್ಟೋ ದಿನ ನಮಗೆ ಒಣ ರೊಟ್ಟಿಯೇ ಗತಿಯಾಗುತ್ತಿತ್ತು.

ರೊಟ್ಟಿ ಮುರಿಯಲು ಎರಡು ಕೈ ಬೇಕು. ಇದು ನಮಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಕಟಕ ರೊಟ್ಟಿಯನ್ನು ಅಪ್ಪ ಹೆಬ್ಬೆರಳಿನಿಂದ ಒತ್ತಿ ಹಿಡಿದು ಎಡಗೈಯಿಂದ ಮುರಿಯಲು ಹೋದರೆ ತಾಟು ಸಮೇತ ಜಾರುತ್ತಿತ್ತು. ಅವ್ವ ಒಂದು ದಿನ ಕೇಳದೆಯೇ ರೊಟ್ಟಿ ಪುಡಿ ಮಾಡಿ ಸಾರಿನಲ್ಲಿ ಕಲಸಿ ಮುಂದಿಟ್ಟಳು. ಅಪ್ಪ ತಾಟನ್ನು ದೂಡಿದ.

"ನಾ ಏನ್ ಹಲ್ಲ ಬರದ ಕೂಸೇನ?"

"ಹಂಗಾರ ಮುರಕೊಂಡು ತಿನ್ರಿ! ನಾಲ್ಕ ಮನಿ ಪಾತ್ರಿ ತಿಕ್ಕಿ ಬಂದು ಚೆಲ್ಲಿದ್ದ ಸಾರ ಒರಸೂದು ನನಗ ಆಗೂದಿಲ್ಲ."

ಇಬ್ಬರೂ ಉಣ್ಣಲಿಲ್ಲ. ಮರುದಿನದಿಂದ ರೊಟ್ಟಿ ಕಲಸುವ ಕೆಲಸ ನನ್ನದಾಯಿತು, ಅಪ್ಪ ಗೋಡೆಯ ಕಡೆ ಮುಖ ಮಾಡಿ ಎಡಗೈಯಲ್ಲಿ ಉಣ್ಣುವುದನ್ನು ರೂಢಿ ಮಾಡಿಕೊಂಡ. ಲಗ್ನ, ಅಯ್ಯಾಚಾರದ ಊಟ, ಮಠದ ಪ್ರಸಾದ ಎಲ್ಲ ಬಿಟ್ಟ. ಪಂಕ್ತಿಯಲ್ಲಿ ಎಡಗೈಯಲ್ಲಿ ಉಣ್ಣುವವನನ್ನು ಯಾರೂ ಎಬ್ಬಿಸುತ್ತಿರಲಿಲ್ಲ, ಅವನೇ ಕೂಡುತ್ತಿರಲಿಲ್ಲ. ಪೂಜೆ ಮಾತ್ರ ಬಿಡಲಿಲ್ಲ. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂಡುತ್ತಿದ್ದ, ನಾನು ಎದುರು ಕೂತು ನನ್ನ ಬೆರಳಿಂದ ವಿಭೂತಿ ಹಚ್ಚುತ್ತಿದ್ದೆ, ಹೂ ಇಡುತ್ತಿದ್ದೆ. ಅಷ್ಟು ಹತ್ತಿರ ಕೂತರೂ ನಾವು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಇನ್ನು ಖಾನಾಪುರದಲ್ಲಿ, ಯಾರಾದರೂ ವಿಚಾರಣೆಗೆ ಬಂದಾರೆಂದು ಮಾವನೂ ನನ್ನ ಕತೆಯನ್ನೇ ಹೇಳುತ್ತ ಬಂದಿದ್ದ. ಊರವರು ಆ ಮಷೀನು ನೋಡಲು ಬರುತ್ತಿದ್ದರಂತೆ. ಒಬ್ಬರಾದ ಮೇಲೆ ಒಬ್ಬರು ರಕ್ತ ಎಲ್ಲಿ ಬಿತ್ತು ಎಂದು ಕೇಳಿ ಅತ್ತೆಗೆ ಸಾಕುಸಾಕಾಗಿ, ಅದಕ್ಕೆ ಲಿಂಬಿಕಾಯಿ ಕಟ್ಟಿ, ಮಕ್ಕಳನ್ನು ಹತ್ತಿರ ಬಿಡುವುದನ್ನು ನಿಲ್ಲಿಸಿದಳು. ಸುಳ್ಳು ಎಂದು ಗೊತ್ತಿದ್ದೂ ಹೆದರಿದಳು ಮಹಾತಾಯಿ.

ಎರಡು ವರ್ಷದ ಮೇಲೆ ಅದೇ ಕಾರ್ಖಾನೆಯಲ್ಲಿ, ಅಪ್ಪನ ಬೆರಳು ತಿಂದು ಆಮೇಲೆ ತನ್ನ ಪಾಲಿಗೆ ಬಂದಿದ್ದ ಅದೇ ಮಷೀನಿನಲ್ಲಿ ಮಾರುತಿ ಕಾಕಾನ ಬಲಗೈ ಮಣಿಕಟ್ಟಿನವರೆಗೆ ಹೋಯಿತು. ಮ್ಯಾನೇಜರ್ ಅವನ ಹತ್ತಿರವೂ ಹಾಗೆಯೇ ಬಗ್ಗಿದ್ದರಂತೆ. ಅವನು ಒಪ್ಪಲಿಲ್ಲ, ಕಾರ್ಖಾನೆಯಲ್ಲಿ ಆಯಿತೆಂದೇ ಬರೆಸಿದ. ಆಗ ಕಾರ್ಖಾನೆಯವರು ಅವನು ತಮ್ಮ ಆಳೇ ಅಲ್ಲ, ಅಂದು ಯಾರನ್ನೋ ಕಾಣಲು ಬಂದು ಸುಮ್ಮನೆ ಮಷೀನಿಗೆ ಕೈ ಹಾಕಿದ ಎಂದುಬಿಟ್ಟರು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿರಲಿಲ್ಲ. ಅಪ್ಪನದೂ ಯಾವತ್ತೂ ಇರಲಿಲ್ಲ. ಒಂದು ರವಿವಾರ ಮಧ್ಯಾಹ್ನ ಅವನು ನಮ್ಮ ಮನೆಗೆ ಬಂದ. ಚೀಲವನ್ನು ಎಡಹೆಗಲಿಗೆ ಹಾಕಿಕೊಂಡಿದ್ದ, ಅದರಲ್ಲಿ ಅಂದೂ ಮುರುಗಲ ಇತ್ತು.

"ದಾದಾ, ಕಾರ್ಮಿಕ ಇಲಾಖೆ ಸಾಹೇಬರ ಮುಂದ ಅರ್ಜಿ ಹಾಕೇನಿ. ಒಬ್ಬರ ಸಾಕ್ಷಿ ಬೇಕಂತ. ಗೇಟಿನ್ಯಾಗ ನೀ ದಿನಾ ನನ್ನ ನೋಡಿದಿ. ನಾ ಅಲ್ಲೇ ದುಡೀತಿದ್ದೆ ಅಂತ ಒಂದ ಮಾತ ಹೇಳು. ಬ್ಯಾರೆ ಯಾರೂ ಬರಾಕ ತಯಾರಿಲ್ಲ."

ಅಪ್ಪ ಅವನ ಕೈಯ ಪಟ್ಟಿಯನ್ನೇ ನೋಡುತ್ತಿದ್ದ. ಉತ್ತರ ಕೊಟ್ಟದ್ದು ಅವ್ವ.

"ಮಾರುತಣ್ಣಾ, ನಿನ್ನ ಋಣ ಬಾಳ ಐತಿ. ಆದ್ರ ಇವ್ರು ಬಾಯಿ ಬಿಟ್ರ ಆ ಸ್ಟೂಲೂ ಹೊಕ್ಕೈತಿ. ಆಮ್ಯಾಲ ನಮಗ ಯಾರದಾರ?"

"ಖರೇ ವಹಿನಿ. ನಾ ಒತ್ತಾಯ ಮಾಡೂದಿಲ್ಲ. ನನಗೂ ಯಾರೂ ಇಲ್ಲ, ಅದಕ್ಕ ಕೇಳಿದೆ."

ಅವನು ಚಹಾ ಕುಡಿದು ಹೋದ. ಎಡಗೈಯಲ್ಲಿ ಬಸಿ ಹಿಡಿಯಲು ಇನ್ನೂ ಬರುತ್ತಿರಲಿಲ್ಲ, ಅಂಗಿಯ ಮೇಲೆ ಚೆಲ್ಲಿಕೊಂಡ. ಹಿಂದೊಮ್ಮೆ ಅವನ ಅಂಗಿಯಿಂದ ಅಪ್ಪನ ರಕ್ತವನ್ನು ತೊಳೆದುಕೊಟ್ಟವಳು ಅವ್ವ, ಅಂದು ಅವಳಿಗೆ ಒಂದು ವಸ್ತ್ರ ತಂದುಕೊಡಲೂ ಆಗಲಿಲ್ಲ, ಒಳಗೆ ಹೋಗಿ ಗೋಡೆಗೆ ಹಣೆ ಹಚ್ಚಿ ನಿಂತಿದ್ದಳು. ಎರಡು ದಿನದ ಮೇಲೆ ಮ್ಯಾನೇಜರ್ ಸಾಹೇಬರು ಬಂದರು. ಖಂಡೇನವಮಿ ಇನ್ನೂ ದೂರವಿತ್ತು, ಆದರೂ ಅವರ ಕೈಯಲ್ಲಿ ಕುಂದದ ಡಬ್ಬಿ ಇತ್ತು. ಅಪ್ಪ ಗೇಟಿನಲ್ಲಿದ್ದ, ಅದು ತಿಳಿದೇ ಬಂದಿದ್ದರು.

"ನೋಡವಾ ಮಾದೇವಿ, ಆವತ್ತಿನ ಕಾಗದದ ನಕಲ ನಮ್ಮ ಹಂತ್ಯಾಕ ಐತಿ. ನಿನ್ನ ಹುಡುಗಿ ಕೈಬರಹ. ಈಗ ಅದು ಸುಳ್ಳ ಅಂದ್ರ ಹುಡುಗಿಗೂ ತ್ರಾಸ ಆಗತೈತಿ. ಈರಪ್ಪಗ ತಿಳಿಸಿ ಹೇಳು."

ಅವ್ವ ತಿಳಿಸಿ ಹೇಳಿದಳು, ಅತ್ತು ಹೇಳಿದಳು, ಬೈದು ಹೇಳಿದಳು. ಅಪ್ಪ ಡಬ್ಬಿಯ ದಾರ ಬಿಚ್ಚಲಿಲ್ಲ. ನಾನು ಆ ಡಬ್ಬಿಯನ್ನೇ ನೋಡುತ್ತಿದ್ದೆ, ಎಷ್ಟೋ ದಿನದಿಂದ ಬಾಯಿ ಸಿಹಿಯಾಗಿರಲಿಲ್ಲ. ವಿಚಾರಣೆಯ ಹಿಂದಿನ ದಿನ ಅಪ್ಪ ಒಂದೇ ಮಾತು ಹೇಳಿದ.

"ಆವತ್ತ ನಾ ಖರೇ ಹೇಳಿದ್ರ ಮಷೀನಿಗೆ ಸೀಲ್ ಬೀಳತಿತ್ತು. ಮಾರುತಿ ಕೈ ಉಳೀತಿತ್ತು. ನಾಳೆ ನಾ ಹೊಕ್ಕೇನಿ. ಗಿರಿಜೀ, ನೀನೂ ಬಾ. ಕಾಗದ ಓದಿ ಹೇಳಾಕ ನೀ ಬೇಕು."

ಮರುದಿನ ಬೆಳಿಗ್ಗೆ ಅವ್ವ ನನ್ನ ತಲೆ ಬಾಚಿದಳು. ಎಂದಿಗಿಂತ ಬಿಗಿಯಾಗಿ ಹೆರಳು ಹಾಕುತ್ತ, ಅಪ್ಪನಿಗೆ ಕೇಳಿಸದಂತೆ ಕಿವಿಯ ಹತ್ತಿರ ಹೇಳಿದಳು.

"ಅಪ್ಪ ಅಲ್ಲಿ ಏನರ ಅನ್ನಲಿ. ನಿನಗ ಕೇಳಿದ್ರ ಬರದದ್ದ ಖರೇ ಅನ್ನು. ನಿನ್ನ ಸಾಲಿ, ನನ್ನ ಒಲಿ ಎರಡೂ ನಿನ್ನ ಬಾಯಾಗ ಅದಾವ. ತಿಳೀತ?"

ಕಾರ್ಮಿಕ ಇಲಾಖೆಯ ಕಚೇರಿಯ ಪಡಸಾಲೆಯಲ್ಲಿ ಮಾರುತಿ ಕಾಕಾ ಹೆಂಡತಿಯೊಂದಿಗೆ ಕೂತಿದ್ದ. ಅಪ್ಪನನ್ನು ನೋಡಿದ ಕೂಡಲೇ ಎದ್ದು ನಿಂತ. ಆ ಮುಖದಲ್ಲಿ ಮೂಡಿದ್ದನ್ನು ನಾನು ಮರೆಯಬೇಕೆಂದು ಬಹಳ ಪ್ರಯತ್ನಪಟ್ಟಿದ್ದೇನೆ. ಒಳಗಿದ್ದ ಕಾರ್ಮಿಕ ಸಾಹೇಬರು ಕೆಟ್ಟವರೇನಲ್ಲ, ದಣಿದವರು. ಅಪ್ಪ ನಿಂತು ಎಲ್ಲ ಹೇಳಿದ. ಮಾರುತಿ ಆರು ವರ್ಷದಿಂದ ಅಲ್ಲಿ ದುಡಿದದ್ದು, ಗುಂಡಿಗೆ ತಂತಿ ಸುತ್ತುತ್ತಿದ್ದದ್ದು, ತನ್ನ ಬೆರಳೂ ಅದೇ ಮಷೀನಿನಲ್ಲಿ ಹೋದದ್ದು. ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಅವನು ಮುಗಿಸಿದ ಮೇಲೆ ಕಾರ್ಖಾನೆಯ ವಕೀಲರು ಎದ್ದು, ಈ ಮನುಷ್ಯ ಎರಡು ವರ್ಷದ ಹಿಂದೆ ಬರೆಸಿದ್ದು ಬೇರೆಯೇ ಇದೆ, ಇಂಥವನ ಮಾತನ್ನು ಹೇಗೆ ನಂಬುವುದು ಎಂದು ಕಾಗದದ ನಕಲನ್ನು ಮುಂದಿಟ್ಟರು. ಸಾಹೇಬರು ಅದನ್ನು ಬೆಳಕಿಗೆ ಹಿಡಿದು ನೋಡಿ ನನ್ನನ್ನು ಹತ್ತಿರ ಕರೆದರು.

"ಈ ಅಕ್ಷರ ನಿಂದೇನವಾ?"

"ಹೌದ್ರಿ."

"ಬಾಳ ಚಂದ ಅದ. ಹೆದರಬ್ಯಾಡ, ಸಾವಕಾಶ ಹೇಳು. ಇದರಾಗ ಬರದದ್ದು ಖರೇನೋ, ನಿಮ್ಮಪ್ಪ ಈಗ ಹೇಳಿದ್ದು ಖರೇನೋ?"

ಅಪ್ಪ ನನ್ನನ್ನು ನೋಡುತ್ತಿದ್ದ. ಅವನ ಮುಖದಲ್ಲಿ ಭಯವಿರಲಿಲ್ಲ. ಕುಂದರ್ರಿ, ನಮ್ಮ ಗಿರಿಜಿ ಅಕ್ಷರಾ ನೋಡ್ರಿ ಎನ್ನುವಾಗ ಇರುತ್ತಿದ್ದ ಮುಖವೇ ಅಂದೂ ಇತ್ತು. ನನಗೆ ಹೆರಳಿನ ಬಿಗಿ ನೆತ್ತಿಯಲ್ಲಿ ನೋಯುತ್ತಿತ್ತು. ಒಲೆ ನೆನಪಾಯಿತು, ಸಾಲೆ ನೆನಪಾಯಿತು. ಸುಳ್ಳು ಬರೆದವಳು ಎಂದು ಎಲ್ಲರ ಮುಂದೆ ಹೇಳಿಸಿಕೊಳ್ಳಬೇಕಲ್ಲ ಎಂಬುದೂ ನೆನಪಾಯಿತು, ಇದನ್ನು ಬಚ್ಚಿಡಬಾರದು. ಎಲ್ಲವನ್ನೂ ಅವ್ವನ ಮೇಲೆ ಹಾಕಿ ನಾನು ಪಾರಾಗಲಾರೆ.

"ಬರದದ್ದ ಖರೇ ರೀ."

ಸಾಹೇಬರು ಕಾಗದವನ್ನು ಕಡತದೊಳಗೆ ಇಟ್ಟರು. ಅಪ್ಪ ನನ್ನ ಮೇಲಿದ್ದ ದೃಷ್ಟಿಯನ್ನು ತೆಗೆದು ತನ್ನ ಕೈ ನೋಡಿಕೊಂಡ. ಹೊರಗೆ ಬಂದಾಗ ಮಾರುತಿ ಕಾಕಾನ ಹೆಂಡತಿ ಸೆರಗು ಮುಚ್ಚಿಕೊಂಡು ಅಳುತ್ತಿದ್ದಳು. ಅಪ್ಪ ಅವನ ಎದುರು ಹೋಗಿ ನಿಂತ. ಮಾರುತಿ ಕಾಕಾ ಉಳಿದ ಕೈಯನ್ನು ನನ್ನ ತಲೆಯ ಮೇಲಿಟ್ಟ.

"ಬಿಡು ದಾದಾ. ಪೋರಿ ಸಣ್ಣಾಕಿ. ನೀ ಬಂದಿ, ಅಷ್ಟ ಸಾಕು."

ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವನ ಅರ್ಜಿ ವಜಾ ಆಯಿತು. ಅಪ್ಪನ ಸ್ಟೂಲಿನ ಮೇಲೆ ಮರುದಿನವೇ ಬೇರೊಬ್ಬ ಕೂತಿದ್ದ. ನಮ್ಮ ವಿರುದ್ಧ ಬಾಯಿ ಬಿಟ್ಟವನಿಗೆ ನಮ್ಮಲ್ಲಿ ಜಾಗವಿಲ್ಲ ಎಂದು ಮ್ಯಾನೇಜರ್ ಹೇಳಿ ಕಳಿಸಿದರು. ಯಾವ ಒಲೆಗಾಗಿ ನಾನು ಆ ಮಾತು ಹೇಳಿದೆನೋ ಆ ಒಲೆ ಒಂದು ದಿನವೂ ಹೆಚ್ಚು ಉರಿಯಲಿಲ್ಲ. ಅವ್ವ ಆ ಸುದ್ದಿ ಕೇಳಿ ಅಳಲಿಲ್ಲ, ಕುಂದದ ಡಬ್ಬಿಯನ್ನು ಬಿಚ್ಚಿ ನೋಡಿದಳು. ಬೂಷ್ಟು ಬಂದಿತ್ತು.

ಭಾಡಿಗೆ ಕೊಡಲಾಗದ ಮೇಲೆ ಓಣಿಯಲ್ಲಿ ಇರುವುದು ಹೇಗೆ? ಟ್ರಂಕು, ಕೌದಿ, ಪಾತ್ರೆಗಳನ್ನು ಬಸ್ಸಿನ ಮೇಲೆ ಹಾಕಿಕೊಂಡು ಖಾನಾಪುರಕ್ಕೆ ಮಾವನ ಮನೆಗೆ ಬಂದೆವು. ಮನೆಯ ಒಳಗೆ ನಮಗೆ ಜಾಗವಿರಲಿಲ್ಲ. ಹಿತ್ತಲಲ್ಲಿ ಎಮ್ಮೆಗಳ ಕೊಟ್ಟಿಗೆಗೆ ಹೊಂದಿಕೊಂಡು ಒಂದು ಪತ್ರಾಸ್ ತಗಡಿನ ಗೂಡು ಇತ್ತು, ಅದನ್ನು ಬಿಟ್ಟುಕೊಟ್ಟರು. ಅದರ ಒಂದು ಮೂಲೆಯಲ್ಲಿ ಮೇವು ಕೊಚ್ಚುವ ಮಷೀನು. ಎತ್ತಿಡಲು ಬೇರೆ ಜಾಗವಿಲ್ಲ, ಆದ್ದರಿಂದ ಅದೂ ನಮ್ಮೊಂದಿಗೆ ಇತ್ತು. ದೊಡ್ಡ ಗಾಲಿ, ಗಾಲಿಗೆ ಎರಡು ಅಲಗು, ಹಿಡಿಕೆಗೆ ಅತ್ತೆ ಕಟ್ಟಿದ ಒಣಗಿದ ಲಿಂಬಿಕಾಯಿ. ಮೊದಲನೆಯ ದಿನ ಟ್ರಂಕು ಇಳಿಸಿದ ಮೇಲೆ ಅಪ್ಪ ಅದರ ಎದುರು ಬಹಳ ಹೊತ್ತು ನಿಂತ. ಅವನು ಅದನ್ನು ಅದಕ್ಕೂ ಮೊದಲು ಸರಿಯಾಗಿ ನೋಡಿಯೂ ಇರಲಿಲ್ಲ. ಇರುವುದಕ್ಕೆ ಪ್ರತಿಯಾಗಿ ಮೇವು ಕೊಚ್ಚುವ ಕೆಲಸ ನಮ್ಮ ಪಾಲಿಗೆ ಬಂತು. ಅಪ್ಪ ಎಡಗೈಯಿಂದ ಗಾಲಿ ತಿರುಗಿಸುತ್ತಿದ್ದ, ನಾನು ಮೇವು ಒಳಗೆ ತಳ್ಳುತ್ತಿದ್ದೆ. ಓಣಿಯವರು ಬೇಲಿಯ ಆಚೆ ನಿಂತು ನೋಡುತ್ತಿದ್ದರು.

"ಅಬಬಬ, ಕೈ ತಿಂದ ಮಷೀನ ಮತ್ತ ಹಿಡದಾನ ನೋಡ. ಎಂಥಾ ಧೈರ್ಯ!"

ಅಪ್ಪ ನನ್ನ ಬೆರಳುಗಳು ಅಲಗಿನ ಕಡೆ ಹೋದವೇ ಎಂದು ನೋಡುತ್ತ, ಹೋದವೆಂದರೆ ಗಾಲಿ ನಿಲ್ಲಿಸಿ, ನಾನು ಹಿಂದಕ್ಕೆ ಸರಿಯುವವರೆಗೂ ಕಾಯುತ್ತಿದ್ದ. ಕಚೇರಿಯಲ್ಲಿ ಆದದ್ದರ ಬಗ್ಗೆ ನನಗೆ ಒಂದು ಮಾತೂ ಅನ್ನಲಿಲ್ಲ. ಬೆಳಗಿನ ಪೂಜೆಗೆ ನಾನು ಎದುರು ಕೂತರೆ ಬೇಡ ಎನ್ನುತ್ತಿರಲಿಲ್ಲ, ನಾನು ಹಚ್ಚಿದ ವಿಭೂತಿಯನ್ನು ಒರೆಸಿಕೊಳ್ಳುತ್ತಲೂ ಇರಲಿಲ್ಲ. ಕ್ಷಮಿಸಿದನೋ ಇಲ್ಲವೋ ನನಗೆ ಗೊತ್ತಾಗದಂತೆಯೇ ಬದುಕಿದ. ಅವ್ವ ಮಾತ್ರ ಒಮ್ಮೊಮ್ಮೆ ರೊಟ್ಟಿ ಬಡಿಯುತ್ತ ಕೈ ನಿಲ್ಲಿಸಿ, "ನಾ ಹೇಳಿಕೊಟ್ಟೆ, ನಾ ಹೇಳಿಕೊಟ್ಟೆ," ಎಂದು ತನ್ನಷ್ಟಕ್ಕೆ ಅನ್ನುತ್ತಿದ್ದಳು.

ಆ ವರ್ಷದ ಖಂಡೇನವಮಿ ಬಂತು. ಮಾವನ ಮನೆಯಲ್ಲಿ ಕುಡಗೋಲು, ಕೊಡಲಿ, ನೇಗಿಲು, ಸೈಕಲ್ ಎಲ್ಲಕ್ಕೂ ಪೂಜೆಯಾಯಿತು. ಅತ್ತೆ ನಮ್ಮ ಗೂಡಿನ ಕಡೆ ತಟ್ಟೆ ತರಲಿಲ್ಲ, ಕೆಟ್ಟ ಹೆಸರಿನ ಮಷೀನಿಗೆ ಯಾರು ಹೂ ಏರಿಸುತ್ತಾರೆ? ಅಪ್ಪ ತಾನೇ ಹೋಗಿ ಚಿಟಿಕೆ ಕುಂಕುಮ, ಎರಡು ಚೆಂಡುಹೂ ಕೇಳಿ ತಂದ. ಒಣಗಿದ ಲಿಂಬಿಕಾಯಿಯನ್ನು ಕಿತ್ತೆಸೆದ. ಎಡಗೈಯಿಂದ ಗಾಲಿಯನ್ನು ಒರೆಸಿ, ವಿಭೂತಿ ಹಚ್ಚಿ, ಬಲಗೈಯಲ್ಲಿ ಉಳಿದಿದ್ದ ಒಂದೇ ಹೆಬ್ಬೆರಳಿನಿಂದ ಕುಂಕುಮ ಇಟ್ಟ. ಆಮೇಲೆ ನನ್ನನ್ನು ಕರೆದ.

"ಗಿರಿಜೀ, ಬಾ. ಇದರ ಕಾಲಿಗೆ ಬೀಳು. ಇದು ಏನೂ ಮಾಡಿಲ್ಲ. ನಾವ ಇದರ ಮ್ಯಾಲ ಹಾಕೇವಿ."

ನಾನು ಬಿದ್ದೆ. ಕಬ್ಬಿಣ ತಣ್ಣಗಿತ್ತು, ಮೇವಿನ ವಾಸನೆ ಬರುತ್ತಿತ್ತು. ಏಳಲು ಮನಸ್ಸಾಗಲಿಲ್ಲ, ಅಪ್ಪನೂ ಏಳು ಎನ್ನಲಿಲ್ಲ.

ಈಗ ಅಪ್ಪ ಇಲ್ಲ. ನಾನು ಹಲಸಿಯ ಕಡೆ ಸಾಲೆಯೊಂದರಲ್ಲಿ ಪಾಠ ಹೇಳುತ್ತೇನೆ, ಮಕ್ಕಳ ಅಕ್ಷರ ಚಂದವಿದ್ದರೆ ನೋಡಿ ಸುಮ್ಮನಾಗುತ್ತೇನೆ. ಅವ್ವ ನನ್ನೊಂದಿಗಿದ್ದಾಳೆ. ಮಾವ ಕರೆಂಟಿನ ಮಷೀನು ತಂದಮೇಲೆ ಹಳೆಯದು ಹಿತ್ತಲಲ್ಲಿ ತುಕ್ಕು ಹಿಡಿದು ನಿಂತಿದೆ, ಪ್ರತಿ ಖಂಡೇನವಮಿಗೆ ನಾನು ಹೋಗಿ ಕುಂಕುಮ ಇಟ್ಟು ಬರುತ್ತೇನೆ. ಮಾರುತಿ ಕಾಕಾನನ್ನು ಆಮೇಲೆ ಒಂದೇ ಸಲ ನೋಡಿದ್ದೆ, ಖಾನಾಪುರದ ಸ್ಟೇಶನ್ನಿನಲ್ಲಿ, ಚೀಲದಲ್ಲಿ ಮುರುಗಲ ಇಟ್ಟುಕೊಂಡು ಮಾರುತ್ತಿದ್ದ. ನಾನು ಕಂಬದ ಹಿಂದೆ ಸರಿದೆ. ಖಾನಾಪುರದಿಂದ ಅವನ ಊರು ಗುಂಜಿಗೆ ರೈಲಿನಲ್ಲಿ ಅರ್ಧ ತಾಸೂ ಬೇಡ. ನಾಳೆ ಹೋದರಾಯಿತು, ರಜೆಯಲ್ಲಿ ಹೋದರಾಯಿತು ಎಂದು ಇಷ್ಟು ವರ್ಷ ಕಳೆದೆ. ಹೋದ ಮಳೆಗಾಲದಲ್ಲಿ ಅವನು ತೀರಿಕೊಂಡನಂತೆ. ಮಷೀನಿನ ಕಾಲಿಗೆ ಬಿದ್ದವಳು ನಾನು, ಅವನ ಕಾಲಿಗೆ ಬೀಳಲಿಲ್ಲ.